ಅರೆ ಮೇವಿನ ಮೂರು ಮರಿಗಳು

ಸಂಶೋಧನೆಯ ಶೆಡ್ಡಿನ ಕುರಿ ಮನೆಯ ಕುರಿಯಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ತಿಳಿಯಬೇಕಾದದ್ದು ಇದು. ಮನೆಯ ಕುರಿ ಅರಚಿದರೆ ಒಂದು ಹಿಡಿ ಸೊಪ್ಪು ಹಾಕುತ್ತೇವೆ. ಶೆಡ್ಡಿನ ಕುರಿ ಅರಚಿದರೆ ಮೇವಿನ ಹೊತ್ತಾಗಿದೆಯೇ ಎಂದು ನೋಡಬೇಕು. ಆಗಿಲ್ಲದಿದ್ದರೆ ಕೇಳಿಸದವರಂತೆ ಕಸ ಗುಡಿಸುತ್ತಿರಬೇಕು. ಅಷ್ಟು ಮನಸ್ಸು ಗಟ್ಟಿ ಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ನಾನು ರತ್ನಮ್ಮ. ನಲ್ಲೂರಿನ ಹುಣಸೆ ತೋಪಿನ ಆಚೆ ನಮ್ಮ ಊರು. ಓದಿದ್ದು ಐದನೆಯ ತರಗತಿ. ದೇವನಹಳ್ಳಿ ಕಡೆಯ ಒಂದು ಕುರಿ ಸಂಶೋಧನಾ ಕೇಂದ್ರಕ್ಕೆ ದಿನಗೂಲಿಯಾಗಿ ಸೇರಿ, ಅಲ್ಲೇ ಕಾಯಂ ಆಗಿ, ಅಲ್ಲೇ ನಿವೃತ್ತಳಾದೆ. ಯಾವಾಗ ಕಾಯಂ ಆದೆ, ಬೀಳ್ಕೊಡುಗೆಗೆ ಯಾರು ಹಾರ ಹಾಕಿದರು ಎನ್ನುವುದರಿಂದ ನಿಮಗೆ ಏನೂ ಪ್ರಯೋಜನವಿಲ್ಲ. ಅದೇ ಕೇಂದ್ರದ ಲ್ಯಾಬಿನಲ್ಲಿ ನನ್ನ ತಂಗಿ ಸುಜಾತ ಇದ್ದಳು. ಅವಳ ಕೆಲಸ ಹೋಯಿತು. ಹೋಗುವಂತೆ ಮಾಡಿದವಳು ನಾನು. ಶೆಡ್ಡಿನ ಕೆಲಸ ಎಂಥದ್ದೆಂದು ಹೇಳಲು ಕುಳಿತರೆ ಆ ವಿಷಯವನ್ನು ಬಿಟ್ಟು ಹೇಳಲು ನನಗೆ ಬರುವುದಿಲ್ಲ.

ನಾನು ಸೇರಿದಾಗ ಶೆಡ್ಡಿಗೆ ಹಿರಿಯರಾಗಿದ್ದವರು ಪಿಳ್ಳಪ್ಪಣ್ಣ. ಆಗ ಮರಿಗಳ ಕಿವಿಗೆ ನಂಬರಿನ ಬಿಲ್ಲೆ ಇರಲಿಲ್ಲ. ಬೆನ್ನಿನ ಉಣ್ಣೆಗೆ ಬಣ್ಣ ಬಳಿದು ಗುರುತು ಮಾಡುತ್ತಿದ್ದೆವು. ಮಳೆ ಬಂದರೆ ಕೆಂಪು ಗುಂಪು, ಹಸಿರು ಗುಂಪು ಎಲ್ಲ ಒಂದೇ ಬಣ್ಣವಾಗುತ್ತಿದ್ದವು. ತೂಕ ನೋಡಲು ಮರಿಯನ್ನು ಗೋಣಿಯ ಜೋಲಿಯಲ್ಲಿ ಕೂರಿಸಿ ತಕ್ಕಡಿಯ ಕೊಕ್ಕೆಗೆ ನೇತುಹಾಕುತ್ತಿದ್ದೆವು. ಅದು ಒದ್ದಾಡಿ ಮುಳ್ಳು ಕುಣಿಯುವುದು ನಿಲ್ಲುವವರೆಗೆ ಪಿಳ್ಳಪ್ಪಣ್ಣ, "ಸುಮ್ನಿರಪ್ಪ, ಸುಮ್ನಿರು, ಮದುವೆ ಫೋಟೋ ತೆಗೀತಾವ್ರೆ" ಎಂದು ಮರಿಗೆ ಸಮಾಧಾನ ಹೇಳುತ್ತಿದ್ದರು.

ಪ್ರಯೋಗ ನಡೆಸುವ ವಿಜ್ಞಾನಿ, ನಮ್ಮ ಮೇಡಂ, ಬಂದದ್ದೂ ಆ ದಿನಗಳಲ್ಲೇ. ಆಗಿನ್ನೂ ಚಿಕ್ಕ ವಯಸ್ಸು. ಮೊದಲ ವಾರವೇ ಒಂದು ಟಗರು ಅವರ ಮೊಣಕಾಲಿಗೆ ಗುದ್ದಿ ಕೆಡವಿತು. ನಾನು ಓಡಿ ಹೋಗಿ ಎತ್ತಿದೆ. ಪಿಳ್ಳಪ್ಪಣ್ಣ ಇದ್ದಲ್ಲಿಂದಲೇ, "ಮೇಡಂ, ನೀವು ಡಾಕ್ಟ್ರು ಅಂತ ಅದಕ್ಕೆ ಯಾರೂ ಹೇಳಿಲ್ಲ ಕಣಮ್ಮ" ಎಂದರು. ಮಣ್ಣು ಕೊಡವಿಕೊಳ್ಳುತ್ತ ಮೇಡಂ ನಕ್ಕರು. ಆ ನಗುವಿಗೆ ನಾನು ಸೋತೆ. ಓದಿದವರು ನನ್ನ ಎದುರಿಗೆ ಬಿದ್ದು ನಕ್ಕದ್ದು ಅದೇ ಮೊದಲು.

ಆ ವರ್ಷವೇ ಒಂದು ದೊಡ್ಡ ತಪ್ಪು ಮಾಡಿದೆ. ನಮ್ಮ ಮನೆಯಲ್ಲಿ ಸಾಕಿದ ಮರಿಯನ್ನು ಕಡಿಯುವ ಮುಂಚೆ ಬರಿ ಹೊಟ್ಟೆಯಲ್ಲಿ ಕಳಿಸುತ್ತಿರಲಿಲ್ಲ. ಅವ್ವ ನೆನೆಸಿದ ಹುರುಳಿಗೆ ಬೆಲ್ಲ ಕಲಸಿ ಅಂಗೈಯಲ್ಲಿ ಹಿಡಿದು ತಿನ್ನಿಸುತ್ತಿದ್ದಳು. ಅದು ನೆಕ್ಕಿ ಮುಗಿಸಿ ತಲೆ ಎತ್ತಿದ ಮೇಲೆಯೇ ಹಗ್ಗ ಬಿಚ್ಚುವುದು. ಕೇಂದ್ರದಲ್ಲಿ ಪರೀಕ್ಷೆಗಾಗಿ ಮರಿಗಳನ್ನು ಕಡಿಯುವುದಕ್ಕೆ ಕೊಯ್ಲು ಎನ್ನುತ್ತೇವೆ. ಕೊಯ್ಲಿನ ಹಿಂದಿನ ದಿನ ಅವಕ್ಕೆ ಮೇವು ನಿಲ್ಲಿಸುತ್ತಾರೆ. ನನಗೆ ತಡೆಯಲಿಲ್ಲ. ಮನೆಯಿಂದ ಹುರುಳಿ ಬೆಲ್ಲ ತಂದು, ಎಲ್ಲರೂ ಊಟಕ್ಕೆ ಹೋಗಿದ್ದಾಗ ಒಂದೊಂದು ಮರಿಗೂ ತಿನ್ನಿಸಿದೆ. ಮಾರನೆಯ ದಿನ ಹೊಟ್ಟೆ ಕೊಯ್ದಾಗ ಹುರುಳಿ ಸಿಕ್ಕಿತು. ಪಿಳ್ಳಪ್ಪಣ್ಣ ನನ್ನ ಮುಖ ನೋಡಿ, "ಇದು ಸರ್ಕಾರದ ಹುರುಳಿ ಅಲ್ಲ" ಎಂದರು.

ಮೇಡಂ ಬೈಯಲಿಲ್ಲ. ಕೂರಿಸಿಕೊಂಡು ಹೇಳಿದರು. "ನೋಡಿ ರತ್ನಮ್ಮ, ಮರಿ ತಿಂದಿದ್ದು ಹೊಟ್ಟೇಲೇ ಉಳಿಯಲ್ಲ. ಈಲಿಗೆ, ಮಾಂಸಕ್ಕೆ, ಕೊಬ್ಬಿಗೆ, ಎಲ್ಲಾ ಕಡೆ ಸುದ್ದಿ ಮುಟ್ಟುತ್ತೆ. ತಿಂದಿದೆ ಅಂತ ಗೊತ್ತಾದ್ರೆ ಒಳಗಿನ ಕಿಣ್ವಗಳು ಒಂದು ಥರ ಕೆಲಸ ಮಾಡ್ತವೆ, ಹಸಿದಿದೆ ಅಂದ್ರೆ ಇನ್ನೊಂದು ಥರ. ನಾವು ಅಳೆಯೋದು ಅದನ್ನೇ. ನೀವು ಪ್ರೀತಿಯಿಂದ ಹಾಕಿದ್ದು ನನ್ನ ಲೆಕ್ಕಾನೆಲ್ಲ ಕೆಡಿಸಿಬಿಡ್ತು."

ನಾನು ಅತ್ತೆ. ಅವರು ಮೇಲಿನವರಿಗೆ ತಿಳಿಸದೆ ಪ್ರಯೋಗವನ್ನು ಮತ್ತೆ ಮೊದಲಿನಿಂದ ಮಾಡಿದರು. ಆಮೇಲೆ ಎಷ್ಟೋ ವರ್ಷ, ಹೊಸಬರು ಯಾರೇ ಬಂದರೂ, "ರತ್ನಮ್ಮನ್ನ ಕೇಳಿ. ಅವರ ಕಣ್ಣು ತಪ್ಪಿಸಿ ಇಲ್ಲಿ ಒಂದು ಕಡ್ಡೀನೂ ಮರಿ ಬಾಯಿಗೆ ಹೋಗಲ್ಲ" ಎನ್ನುತ್ತಿದ್ದರು. ಗಮನಿಸಿ, ಮೇವು ಹಾಕಿದರೆ ಏನು ಕೆಡುತ್ತದೆ ಎನ್ನುವುದು ನನಗೆ ಆವತ್ತೇ ಗೊತ್ತಾಯಿತು. ಮುಂದೆ ನಾನು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದಲ್ಲ.

ಕೆಲಸದ ರೀತಿ ಬದಲಾಗುತ್ತ ಬಂತು. ಬಣ್ಣ ಹೋಗಿ ಕಿವಿಗೆ ಹಳದಿ ಬಿಲ್ಲೆ ಬಂತು. ಜೋಲಿ ಹೋಗಿ, ಮರಿ ನಿಂತರೆ ತೂಕ ತೋರಿಸುವ ಕಟ್ಟೆ ಬಂತು. ಮೊದಲೆಲ್ಲ ಕೊಯ್ಲಿನ ದಿನ ದೊಡ್ಡಬಳ್ಳಾಪುರದಿಂದ ಐಸ್ ಗಡ್ಡೆ ತರಿಸಿ ಹೊಟ್ಟಿನಲ್ಲಿ ಮುಚ್ಚಿಡುತ್ತಿದ್ದೆವು. ಈಲಿಯ ಚೂರು, ತೊಡೆಯ ಮಾಂಸದ ಚೂರು, ಬಾಲದ ಬುಡದ ಕೊಬ್ಬಿನ ಚೂರು ಕತ್ತರಿಸಿದ ಕೂಡಲೇ ಐಸಿನಲ್ಲಿ ಹೂಳಬೇಕು. ಬೆಚ್ಚಗಾದರೆ ಕಿಣ್ವ ಸಾಯುತ್ತದೆ. ಆಮೇಲೆ ಹೊಗೆಯಾಡುವ ನೈಟ್ರೋಜನ್ ಕ್ಯಾನು ಬಂತು. ಚೂರನ್ನು ಅದರೊಳಗೆ ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಾಗುತ್ತಿತ್ತು.

ಆ ವರ್ಷಗಳಲ್ಲಿ ಮೇಡಂ ಶೆಡ್ಡಿಗೆ ಬಂದರೆ ಮೊದಲು ನನ್ನ ಹತ್ತಿರವೇ ಬರುತ್ತಿದ್ದರು. ಹಾಲು ಕುಡಿಯುವ ಮರಿಯ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಜಾಸ್ತಿ ಇರುತ್ತದೆ, ಮೇಯಲು ಶುರುಮಾಡಿದ ಮೇಲೆ ಅದು ಇಳಿಯುತ್ತದೆ ಎಂದು ಹೇಳಿಕೊಟ್ಟವರು ಅವರೇ. ಯಾವ ಮರಿ ಸೊಪ್ಪಿಗೆ ಬಾಯಿ ಹಾಕಲು ಶುರುಮಾಡಿತು ಎಂದು ನನ್ನನ್ನು ಕೇಳುತ್ತಿದ್ದರು. ಬೇಲಿಯ ಮೇಲೆ ಮೊಣಕೈ ಊರಿ ಇಬ್ಬರೂ ಮಾತಾಡುತ್ತಿದ್ದೆವು. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಗೌರವ ನಾನು ಕಾಣಲಿಲ್ಲ.

ಸುಜಾತಳನ್ನು ಅಲ್ಲಿಗೆ ಕರೆತಂದವಳೂ ನಾನೇ.

ಅವಳು ಹುಟ್ಟಿದಾಗ ಅವ್ವ ಹಾಸಿಗೆ ಹಿಡಿದಳು. ನನ್ನನ್ನು ಶಾಲೆ ಬಿಡಿಸಿದರು. ಅವಳನ್ನು ಸೊಂಟದಲ್ಲಿಟ್ಟುಕೊಂಡು ಕುರಿ ಮೇಯಿಸಿದೆ. ಅವಳು ಬುದ್ಧಿವಂತೆ. ಓದುತ್ತಾ ಹೋದಳು, ಬಿ.ಎಸ್ಸಿ. ಮುಗಿಸಿದಳು. ಲ್ಯಾಬಿಗೆ ಒಬ್ಬರು ಬೇಕೆಂದು ತಿಳಿದಾಗ ಮೇಡಂ ಎದುರು ಕೈ ಮುಗಿದು, "ನಮ್ಮ ಹುಡುಗೀನ ತಗೊಳಿ ಮೇಡಂ" ಎಂದೆ. ವರ್ಷವರ್ಷಕ್ಕೆ ಮುಂದುವರಿಸುವ ಗುತ್ತಿಗೆ ಕೆಲಸ ಅದು. ಅವಳು ಸೇರಿದ ದಿನ ಶೆಡ್ಡಿಗೆಲ್ಲ ಮೈಸೂರುಪಾಕು ಹಂಚಿದೆ.

ಹೊಟ್ಟೆಕಿಚ್ಚು ಯಾವತ್ತು ಶುರುವಾಯಿತೆಂದು ಹೇಳುವುದು ಕಷ್ಟ. ಬಿಳಿ ಕೋಟಿಗೆ ಅಲ್ಲ, ಕೂರಲು ಸಿಕ್ಕ ಸ್ಟೂಲಿಗೂ ಅಲ್ಲ. ಮೇಡಂ ಶೆಡ್ಡಿಗೆ ಬರುವುದು ಕಡಿಮೆಯಾಯಿತು. ಮಧ್ಯಾಹ್ನ ಅವರಿಬ್ಬರೂ ಲ್ಯಾಬಿನ ಹಿಂದಿನ ಕಟ್ಟೆಯ ಮೇಲೆ ಡಬ್ಬಿ ಬಿಚ್ಚುತ್ತಿದ್ದರು. ನಾನು ಮಾಡಿ ಕಳಿಸಿದ ಹುರುಳಿಕಾಳಿನ ಸಾರನ್ನು ಮೇಡಂ, "ಸುಜಾತ, ನಿಮ್ಮನೆ ಸಾರು ಎಷ್ಟು ಚೆನ್ನಾಗಿರುತ್ತಪ್ಪ" ಎಂದು ತಿನ್ನುತ್ತಿದ್ದರು. ಅವಳು, "ಅಕ್ಕ ಮಾಡಿದ್ದು ಮೇಡಂ" ಎಂದು ಹೇಳುತ್ತಿದ್ದಳು. ಹೇಳುತ್ತಿರಲಿಲ್ಲ ಎಂದಾಗಿದ್ದರೆ ನನಗೆ ಅನುಕೂಲವಾಗಿರುತ್ತಿತ್ತು.

ಮನೆಗೆ ಬಂದರೆ ಅವಳಿಗೆ ಅದೇ ಮಾತು. ಒಂದು ದಿನ ನಾನು ಮೊಳಕೆ ಬಂದ ರಾಗಿಯನ್ನು ಒಣಗಲು ಹರಡುತ್ತಿದ್ದೆ. ಅವಳು ಒಂದು ಕಾಳು ಬಾಯಿಗೆ ಹಾಕಿಕೊಂಡಳು.

"ಅಕ್ಕ, ಬರೀ ರಾಗಿ ಸಪ್ಪೆ, ಮೊಳಕೆ ರಾಗಿ ಸಿಹಿ. ಯಾಕೆ ಹೇಳು?"

"ದೇವ್ರು ಹಂಗೆ ಮಾಡವ್ನೆ."

"ದೇವ್ರಲ್ಲ, ಕಿಣ್ವ. ಒಳಗಿರೋ ಗಂಜಿನ ಒಡೆದು ಸಕ್ಕರೆ ಮಾಡುತ್ತೆ. ಮರಿ ಹೊಟ್ಟೇಲಿ ಆಗೋದೂ ಹಿಂಗೇ ಕಣಕ್ಕ."

"ನಂಗೇನೂ ಗೊತ್ತಿಲ್ಲ ಅಂದ್ಕೊಂಡಿದ್ದೀಯೇನೆ? ನೀನು ಲಂಗ ಹಾಕ್ಕೊಂಡು ಓಡಾಡ್ತಿದ್ದಾಗಲೇ ಮೇಡಂ ನಂಗೆ ಹೇಳ್ಕೊಟ್ಟವ್ರೆ."

ಅವಳು ನಕ್ಕು ಇನ್ನೊಂದು ಕಾಳು ಬಾಯಿಗೆ ಹಾಕಿಕೊಂಡಳು. ಕಿಣ್ವವೆಂದರೆ ಏನೆಂದು ಅಷ್ಟು ಸುಲಭವಾಗಿ ಮೇಡಂ ಕೂಡ ನನಗೆ ಹೇಳಿರಲಿಲ್ಲ. ಆ ಸಂಜೆಯೆಲ್ಲ ನನಗೆ ಒಳಗೆ ಉರಿಯಿತು.

ಅವಳ ಕೆಲಸ ಕಳೆದ ಆ ಪ್ರಯೋಗದ ಮಾತಿಗೆ ಬರುತ್ತೇನೆ. ಬನ್ನೂರು ತಳಿಯ ಬೆಳೆಯುವ ಮರಿಗಳನ್ನು ಎರಡು ಗುಂಪು ಮಾಡಿದ್ದರು. ಒಂದಕ್ಕೆ ಹೊಟ್ಟೆ ತುಂಬ ಮೇವು, ಇನ್ನೊಂದಕ್ಕೆ ಅರೆ ಮೇವು. ಕಡೆಗೆ ಎರಡೂ ಗುಂಪಿನ ಕೊಬ್ಬಿನ ಚೂರು ತೆಗೆದು, ಕೊಬ್ಬು ಕಟ್ಟುವ ಕಿಣ್ವ ಎಷ್ಟು ಚುರುಕಾಗಿದೆ ಎಂದು ಅಳೆಯಬೇಕು. ಮೇವು ಕಡಿಮೆಯಾದರೆ ಆ ಕಿಣ್ವ ಮಂಕಾಗುತ್ತದೆ. ಮತ್ತೆ ಮೇವು ಸಿಕ್ಕರೆ ಕೆಲವೇ ದಿನಗಳಲ್ಲಿ ಏರುತ್ತದೆ. ಕೊಯ್ಲಿನ ದಿನ ಚೂರು ತೆಗೆಯುವುದರಿಂದ ಹಿಡಿದು ಕಡೆಯ ಅಳತೆಯವರೆಗೆ ಎಲ್ಲವನ್ನೂ ಸುಜಾತಳೇ ಮಾಡಬೇಕೆಂದು ಮೇಡಂ ತೀರ್ಮಾನಿಸಿದರು. "ಇದನ್ನ ಸರಿಯಾಗಿ ಮುಗಿಸು. ನಿನ್ನನ್ನ ಕಾಯಂ ಮಾಡಿ ಅಂತ ನಾನೇ ಹೋಗಿ ಕೇಳ್ತೀನಿ" ಎಂದರು. ಅವರು ಇದನ್ನು ಹೇಳಿದ್ದು ಶೆಡ್ಡಿನಲ್ಲಿ, ನಾನು ಪೊರಕೆ ಹಿಡಿದು ನಿಂತಿದ್ದಾಗ.

ಅಂದಿನಿಂದ ಅವಳು ದಿನವೂ ಶೆಡ್ಡಿಗೆ ಬಂದಳು. "ಅಕ್ಕ, ಅರೆ ಮೇವಿನವಕ್ಕೆ ಉಳಿದ ನುಚ್ಚು ಹಾಕ್ಬೇಡ. ತೂಕ ಮಾಡೇ ಹಾಕು, ಆಯ್ತಾ?"

ಪಿಳ್ಳಪ್ಪಣ್ಣ ಆಗ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಬಾಯಿ ಮಾತ್ರ ನಿವೃತ್ತಿಯಾಗಿರಲಿಲ್ಲ. "ಏನ್ ರತ್ನಮ್ಮ, ಸೊಂಟದ ಮೇಲೆ ಕೂತಿದ್ದು ಈಗ ತಲೆ ಮೇಲೆ ಕೂತದಲ್ಲಾ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಡೆಯ ತೂಕ ಆದ ಮೇಲೆ ಕೊಯ್ಲಿಗೆ ಒಂದು ವಾರ ಉಳಿದಿತ್ತು. ಆ ವಾರ, ಮೇವು ನಿಲ್ಲಿಸುವ ದಿನದವರೆಗೆ, ದಿನವೂ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ತುಂಬು ಮೇವಿನ ಡಬ್ಬದಿಂದ ಜೋಳದ ನುಚ್ಚು, ಹಿಂಡಿ ತೆಗೆದು ಅರೆ ಮೇವಿನ ಗುಂಪಿನ ಮೂರು ಮರಿಗಳಿಗೆ ತಿನ್ನಿಸಿದೆ. ಬೊಗಸೆಯಲ್ಲಿ ಹಿಡಿದು, ಬಿದ್ದ ಕಾಳನ್ನೂ ಆಯ್ದು ತಿನ್ನಿಸಿದೆ. ಅವು ಹಸಿದಿದ್ದವು. ನನ್ನ ಬೆರಳನ್ನೂ ಚೀಪಿದವು.

ಅವ್ವನ ಪದ್ಧತಿ, ಹಸಿದ ಮರಿಯನ್ನು ಕಳಿಸಬಾರದು, ಪಾಪ, ಎಂದೆಲ್ಲ ಆಗ ನನಗೆ ನಾನೇ ಹೇಳಿಕೊಂಡೆ. ಪಾಪ ಎನಿಸಿದ್ದರೆ ಎಲ್ಲಕ್ಕೂ ಹಾಕಬೇಕಿತ್ತು. ಮೂರಕ್ಕೆ ಮಾತ್ರ ಏಕೆ? ಬರೆಯಲು ಹೇಸಿಗೆಯಾಗುತ್ತದೆ, ಆದರೂ ಬರೆಯುತ್ತೇನೆ. ಗುಂಪು ಪೂರ್ತಿ ಏರುಪೇರಾದರೆ ಮೇವಿನಲ್ಲಿ ತಪ್ಪಾಗಿದೆ ಎಂದು ಶೆಡ್ಡಿನವರನ್ನು ಕೇಳುತ್ತಾರೆ. ಎರಡು ಮೂರು ಮಾತ್ರ ಏರುಪೇರಾದರೆ ಟ್ಯೂಬು ಅದಲು ಬದಲಾಗಿದೆ ಎಂದು ಲ್ಯಾಬಿನವರನ್ನು ಕೇಳುತ್ತಾರೆ. ಇಷ್ಟು ವರ್ಷ ಅಲ್ಲಿದ್ದು ನಾನು ಅದನ್ನು ಕಂಡಿದ್ದೆ. ನನಗೆ ಬೇಕಿದ್ದದ್ದು ಅದೇ. ಕೆಲಸ ಹೋಗಲಿ ಎಂದು ನಾನು ಬಯಸಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಮೇಡಂ ಅವಳ ಮೇಲೆ ಮುಖ ಕೆಡಿಸಿಕೊಳ್ಳಬೇಕು ಎಂದು ಬಯಸಿದ್ದೆ.

ಕೊಯ್ಲು ಮುಗಿಯಿತು. ಕೆಲವು ದಿನಗಳಾದ ಮೇಲೆ ಸುಜಾತ ಮನೆಗೆ ಬಂದು ಊಟ ಮಾಡದೆ ಮಲಗಿದಳು. ಅರೆ ಮೇವಿನ ಮೂರು ಮರಿಗಳ ಕಿಣ್ವ ತುಂಬು ಮೇವಿನವುಗಳ ಹತ್ತಿರಕ್ಕೆ ಏರಿತ್ತು. ಅವಳು ಉಳಿದ ಚೂರುಗಳನ್ನು ತೆಗೆದು, ಮತ್ತೆ ಐಸಿನ ಮೇಲೆ ಅರೆದು, ಮತ್ತೆ ಅಳೆದಳು. ಅದೇ ಬಂತು. ಅಳತೆಯಲ್ಲಿ ತಪ್ಪಿಲ್ಲ ಎಂದಾದದ್ದೇ ಅವಳಿಗೆ ಮುಳುವಾಯಿತು. ಅಳತೆ ಸರಿಯಿದ್ದರೆ ಚೂರೇ ತಪ್ಪು. ಕೊಯ್ಲಿನ ಗಡಿಬಿಡಿಯಲ್ಲಿ ತುಂಬು ಮೇವಿನ ಮರಿಯ ಕೊಬ್ಬನ್ನೇ ಎರಡೆರಡು ಟ್ಯೂಬಿಗೆ ಹಾಕಿದ್ದಾಳೆ ಎಂದು ಎಲ್ಲರೂ ತೀರ್ಮಾನಿಸಿದರು.

ಮೇಡಂ ಒಂದು ಸಲ ಶೆಡ್ಡಿಗೂ ಬಂದರು. "ರತ್ನಮ್ಮ, ಮೇವಿನಲ್ಲಿ ಏನಾದ್ರೂ ಹೆಚ್ಚು ಕಡಿಮೆ ಆಯ್ತಾ?"

"ನಾನಿದ್ದೂ ಆಗುತ್ತಾ ಮೇಡಂ?" ಎಂದೆ.

ಅವರು ನಂಬಿದರು. ತಂಗಿಯ ಪ್ರಯೋಗಕ್ಕೆ ಅಕ್ಕ ಕೈ ಹಾಕುತ್ತಾಳೆ ಎಂದು ಯಾರಿಗೆ ತಾನೆ ಹೊಳೆಯುತ್ತದೆ? ಆ ವರ್ಷ ಸುಜಾತಳನ್ನು ಮುಂದುವರಿಸಲಿಲ್ಲ. ಕಾಯಂ ಮಾತಂತೂ ಬರಲೇ ಇಲ್ಲ. ಕಡೆಯ ದಿನ ಅವಳು ಶೆಡ್ಡಿನ ಬೇಲಿಯ ಹತ್ತಿರ ನಿಂತು ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. "ನಾನು ಒಂದೊಂದೇ ಹಾಕಿದ್ದೆ ಕಣಕ್ಕ. ನಂಗೆ ಚೆನ್ನಾಗಿ ನೆನಪಿದೆ. ಆದ್ರೆ ನೆನಪೇ ತಪ್ಪಿರ್ಬೋದು."

"ಹೋಗ್ಲಿ ಬಿಡು, ಎಲ್ರಿಗೂ ಆಗುತ್ತೆ" ಎಂದೆ. ತಲೆ ಸವರಿದೆ ಕೂಡ. ಆ ಕೈಯಿಂದಲೇ.

ಅವಳು ಹೋದರೆ ಮೇಡಂ ಮತ್ತೆ ಬೇಲಿಯ ಹತ್ತಿರ ಬರುತ್ತಾರೆ ಎಂದುಕೊಂಡಿದ್ದೆ. ಬರಲಿಲ್ಲ. ಲ್ಯಾಬಿಗೆ ಬೇರೆಯವರು ಬಂದರು, ಮೇಡಂ ಬೇರೆ ವಿಷಯ ಹಿಡಿದರು, ಆಮೇಲೆ ವರ್ಗವಾಗಿ ಹೋದರು. ಹಬ್ಬಕ್ಕೆ ಫೋನ್ ಮಾಡಿದರೆ ಎರಡು ಮಾತಾಡುತ್ತಿದ್ದರು. ಅದರಲ್ಲಿ ಒಂದು, "ಸುಜಾತ ಹೇಗಿದ್ದಾಳೆ?"

ಸುಜಾತ ದೇವನಹಳ್ಳಿಯಲ್ಲಿ ರಕ್ತ ಪರೀಕ್ಷೆಯ ಒಂದು ಲ್ಯಾಬಿಗೆ ಸೇರಿದಳು. ಗಂಡ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಅವಳು ಬಂದವರ ರಕ್ತ ತೆಗೆಯುತ್ತಾಳೆ, ಅಷ್ಟೇ. ಒಳಗೆ ಯಂತ್ರದ ಮುಂದೆ ಕೂರಲು ಕರೆದರೂ ಹೋಗುವುದಿಲ್ಲವೆಂದು ಅವಳ ಗಂಡ ಒಮ್ಮೆ ಹೇಳಿದ್ದ. ಯಾಕೆಂದು ನನಗೆ ಗೊತ್ತಿತ್ತು.

ನಾನು ನಿವೃತ್ತಳಾದ ಮೇಲೆ ತಲೆ ಸುತ್ತು ಬರುತ್ತಿತ್ತು. ಸಕ್ಕರೆ ಕಾಯಿಲೆ ಇದೆಯೇ ನೋಡಿಸೋಣವೆಂದು ಒಂದು ಬೆಳಿಗ್ಗೆ ಅವಳ ಲ್ಯಾಬಿಗೇ ಹೋದೆ. ಅವಳು ಕೈಗೆ ರಬ್ಬರ್ ಪಟ್ಟಿ ಕಟ್ಟಿದಳು.

"ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ತಾನೆ? ನಿಜ ಹೇಳು. ತಿಂದಿದ್ರೆ ಲೆಕ್ಕ ಎಲ್ಲ ತಪ್ಪಾಗುತ್ತೆ."

"ಇಲ್ಲ."

"ಹೆಸರು ಹೇಳು."

"ಯಾರ್ದೇ?"

"ನಿಂದೇ ಅಕ್ಕ."

"ನಿಂಗೆ ಗೊತ್ತಿಲ್ವೇನೆ ನನ್ನ ಹೆಸ್ರು?"

"ಹೇಳು ಅಂದ್ರೆ ಹೇಳು."

ಹೇಳಿದೆ. ಟ್ಯೂಬಿನ ಮೇಲೆ ಅಂಟಿಸಿದ ಚೀಟಿ ಓದಿದಳು. ರಕ್ತ ತೆಗೆದಳು. ಮತ್ತೆ ಹೆಸರು ಕೇಳಿದಳು. ಚೀಟಿಯನ್ನು ಬೆಳಕಿಗೆ ಹಿಡಿದು ಮತ್ತೆ ಓದಿದಳು. ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಇನ್ನೊಮ್ಮೆ ಓದಿದಳು. ಸೊಂಟದಲ್ಲಿಟ್ಟು ಸಾಕಿದ ಅಕ್ಕನ ರಕ್ತ ಬೇರೆಯವರದ್ದಾಗಿಬಿಡುತ್ತದೆಯೋ ಎಂದು ಅವಳಿಗೆ ಭಯ. ಆ ಭಯವನ್ನು ಅವಳಿಗೆ ಕೊಟ್ಟವಳು ನಾನು.

ಬಂದವರೆಲ್ಲ ಖಾಲಿಯಾಗುವವರೆಗೆ ಬೆಂಚಿನ ಮೇಲೆ ಕುಳಿತಿದ್ದೆ. ಆಮೇಲೆ ಹೇಳಿದೆ. ಸುತ್ತಿ ಬಳಸಿ ಹೇಳಲು ಬಾಯಿ ಬರಲಿಲ್ಲ. "ಸುಜಿ, ಆ ಮೂರು ಮರಿಗಳಿಗೆ ನಾನು ನುಚ್ಚು ತಿನ್ನಿಸಿದ್ದೆ."

ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ. "ಯಾವ ಮೂರು?"

"ಗೇಟಿನ ಪಕ್ಕ ಕಟ್ತಿದ್ವಲ್ಲ, ಅವು. ಒಂದರ ಕಿವಿ ಹರಿದಿತ್ತು."

"ಯಾವಾಗ ಹಾಕಿದ್ದು?"

"ಕೊನೇ ವಾರ. ತೂಕ ಆದ್ಮೇಲೆ. ದಿನಾ."

ಅವಳು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೊಂದಿಸಿ ನೋಡಿದಳು. ಕಣ್ಣು ತೆರೆದಾಗ ಮುಖವೆಲ್ಲ ಬೆಳಗಿತ್ತು. "ಹಂಗಾದ್ರೆ ನನ್ನ ರೀಡಿಂಗ್ ಸರಿ ಇತ್ತು" ಎಂದಳು. "ಅಕ್ಕ, ನಾನು ತಪ್ಪು ಮಾಡಿರ್ಲಿಲ್ಲ. ಸರಿ ಇತ್ತು ಕಣೇ!"

ನಿಜ ಹೇಳಬೇಕೆಂದು ಕುಳಿತ ಮೇಲೆ ಇದನ್ನೂ ಹೇಳಬೇಕು. ಆ ಮುಖ ನೋಡಿ ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು. ನಾನು ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿದ್ದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಆ ಕಿಣ್ವ.

"ಮೇಡಂ ನಂಬರ್ ಇದ್ಯಾ? ಫೋನ್ ಮಾಡು" ಎಂದಳು.

ಮಾಡಿದೆ. ಅವಳು ಫೋನ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು. "ಮೇಡಂ, ನಾನು ಸುಜಾತ. ಆ ಮೂರು ಮರಿ ತಿಂದಿದ್ವು ಮೇಡಂ. ಕೊನೇ ವಾರ ಪೂರ್ತಿ."

ಆ ಕಡೆಯಿಂದ ಮೇಡಂ ದನಿ. "ಯಾರು ಹಾಕಿದ್ದು?"

ಅವಳು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

"ನಾನು ಮೇಡಂ, ರತ್ನಮ್ಮ. ಹಸಿದಿದ್ವು, ಪಾಪ ಅನ್ನಿಸ್ತು..."

"ಅಕ್ಕ" ಎಂದಳು ಸುಜಾತ. ಅಷ್ಟೇ.

"ಪಾಪ ಅಲ್ಲ ಮೇಡಂ. ಹೊಟ್ಟೆಕಿಚ್ಚಿಗೆ ಹಾಕ್ದೆ. ನೀವು ಇವಳ ಜೊತೆ ಊಟ ಮಾಡ್ತಿದ್ರಲ್ಲ, ಅದಕ್ಕೆ."

ಮೇಡಂ, "ಸುಜಾತಾಗೆ ಕೊಡಿ" ಎಂದರು.

ಅವಳು ಸ್ಪೀಕರ್ ಆರಿಸಿ ಕಿಟಕಿಯ ಹತ್ತಿರ ಹೋದಳು. ಬಹಳ ಹೊತ್ತು ಮಾತಾಡಿದರು. ಒಂದು ವಾರದ ಮೇವಿಗೇ ಅಷ್ಟು ಏರಿದ್ದರೆ, ಈಲಿಯ ಚೂರಿನಲ್ಲೂ ನೋಡಬೇಕಿತ್ತು, ಎಂದೆಲ್ಲ ಇವಳು ಹೇಳುತ್ತಿದ್ದಳು. ನಡುವೆ ಮೂಗು ಒರೆಸಿಕೊಂಡಳು, ನಡುವೆ ನಕ್ಕಳು. ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು. ಹೋಗಲಿಲ್ಲ. ಮೊಣಕೈ ಒಳಗಿನ ಹತ್ತಿಯನ್ನು ಒತ್ತಿಕೊಂಡು, ಒಳಗೆ ಉರಿಯುವುದು ಉರಿಯಲಿ ಎಂದು ಕೂತಿದ್ದೆ.

ಮಾತು ಮುಗಿಸಿ ಬಂದವಳು ಫೋನನ್ನು ನನ್ನ ಕೈಗೆ ಕೊಡದೆ ಬೆಂಚಿನ ಮೇಲಿಟ್ಟಳು. ಮುಖ ಗಟ್ಟಿಯಾಗಿತ್ತು.

"ನೀನಿನ್ನು ಹೋಗು. ಸ್ವಲ್ಪ ದಿನ ಮನೆ ಕಡೆ ಬರ್ಬೇಡ. ನಾನೇ ಕರೀತೀನಿ, ಕರೀಬೇಕು ಅನ್ನಿಸಿದಾಗ."

"ರಿಪೋರ್ಟು?"

ಅವಳು ಸ್ಟ್ಯಾಂಡಿನಿಂದ ನನ್ನ ರಕ್ತದ ಟ್ಯೂಬನ್ನು ತೆಗೆದುಕೊಂಡಳು. ಈ ಸಲ ಚೀಟಿ ಓದಲಿಲ್ಲ.

"ಸಂಜೆ ಫೋನಿಗೆ ಬರುತ್ತೆ. ನಿಂದು ನಾನೇ ಮಾಡ್ತೀನಿ" ಎಂದು ಹೇಳಿ, ಯಂತ್ರವಿದ್ದ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.